ನರಸಾಪುರದ ಜಗಲಿಯಲ್ಲಿ ಕ್ರೋಶಾ ಕಡ್ಡಿ

ವಿಜಯವಾಡದಿಂದ ನರಸಾಪುರಕ್ಕೆ ಹೋಗುವ ರೈಲು ಗುಡಿವಾಡ ದಾಟಿತೆಂದರೆ ಕಿಟಕಿಯಾಚೆ ನೆಲಕ್ಕಿಂತ ನೀರೇ ಹೆಚ್ಚು. ಕೈಕಲೂರು, ಆಕಿವೀಡು ನಿಲ್ದಾಣಗಳ ಆಚೀಚೆ ಮೀನು ಸಾಕುವ ಕೆರೆಗಳು, ಅವುಗಳ ಏರಿಯುದ್ದಕ್ಕೂ ತೆಂಗು, ನಡುನಡುವೆ ಭತ್ತದ ಗದ್ದೆ. ಭೀಮವರಂ, ಪಾಲಕೊಲ್ಲು ಆದಮೇಲೆ ಹಳಿ ಮುಗಿಯುತ್ತದೆ; ನರಸಾಪುರವೇ ಕೊನೆಯ ಸ್ಟೇಷನ್. ಅದರಾಚೆ ಗೋದಾವರಿಯ ವಶಿಷ್ಠ ಕವಲು, ಹೊಳೆ ದಾಟಿದರೆ ಕೋನಸೀಮೆ, ಇನ್ನೂ ಸ್ವಲ್ಪ ದೂರಕ್ಕೆ ಬಂಗಾಳ ಕೊಲ್ಲಿ.

ದೂರದಿಂದ ಈ ಊರಿಗೆ ಬರುವವರಲ್ಲಿ ಬಹಳ ಮಂದಿ ಹೊಳೆ ದಾಟಿ ಅಂತರ್ವೇದಿಯ ಲಕ್ಷ್ಮೀನರಸಿಂಹನ ದರ್ಶನಕ್ಕೆ ಹೋಗುತ್ತಾರೆ. ನಾನು ಬಂದದ್ದು ಲೇಸು ನೋಡಲು. ಕ್ರೋಶಾ ಕಡ್ಡಿ ನನಗೆ ಅಮ್ಮನಿಂದ ಬಂತು. ನಮ್ಮ ಮನೆಯಲ್ಲಿ ರೇಡಿಯೋ ಮೇಲೆ, ಆಮೇಲೆ ಬಂದ ಟಿವಿ ಮೇಲೆ, ಟೀಪಾಯಿ ಮೇಲೆ, ಹೊಸ್ತಿಲಿನ ತೋರಣದಲ್ಲಿ ಎಲ್ಲೆಲ್ಲೂ ಅಮ್ಮನ ಕೈಕೆಲಸವೇ. ನಾನು ಈಗ ಬೆಂಗಳೂರಿನಲ್ಲಿ ಸೀರೆ ಸೆರಗಿಗೆ ಕ್ರೋಶಾ ಕುಚ್ಚು ಹಾಕಿಕೊಡುತ್ತೇನೆ. ಇದೇ ಕಡ್ಡಿಯನ್ನು ನಂಬಿ ಒಂದು ಊರಿಗೆ ಊರೇ ಬದುಕಿದೆ ಎಂದು ಓದಿ ತಿಳಿದಾಗಿನಿಂದ ಅಲ್ಲಿಗೆ ಹೋಗಬೇಕೆಂದು ಮನಸ್ಸು ಎಳೆಯುತ್ತಿತ್ತು.

ಬಳ್ಳಾರಿಯಲ್ಲಿ ಬೆಳೆದವಳಿಗೆ ತೆಲುಗು ಹೊಸದಲ್ಲ. ಆದರೆ ಗೋದಾವರಿ ಜಿಲ್ಲೆಯವರ ಮಾತೇ ಬೇರೆ. ಪ್ರತಿ ವಾಕ್ಯದ ತುದಿಗೆ ‘ಅಂಡಿ’ ಸೇರುತ್ತದೆ, ಹೌದು ಎನ್ನಲು ಮೆತ್ತಗೆ ‘ಆಯ್’ ಅನ್ನುತ್ತಾರೆ. ಆಟೋದವರನ್ನು ಲೇಸು ಮಾಡುವವರ ಮನೆ ಎಲ್ಲಿ ಎಂದು ಕೇಳಿದೆ. “ಯಾವ ಮನೆಯಲ್ಲಿ ಮಾಡಲ್ಲ ಅಂತ ಕೇಳಿ ಅಮ್ಮಾ, ಹೇಳೋದು ಸುಲಭ,” ಅಂದರು.

ಅವರ ಮಾತಿನಲ್ಲಿ ಉತ್ಪ್ರೇಕ್ಷೆ ಕಡಿಮೆ. ಮಧ್ಯಾಹ್ನದ ಊಟ ಮುಗಿದು ಪಾತ್ರೆ ಬೋರಲು ಹಾಕಿದ ಮೇಲೆ ಓಣಿಯ ಜಗಲಿಗಳು ತುಂಬಿಕೊಳ್ಳುತ್ತವೆ. ಮಡಿಲಲ್ಲೊಂದು ಪ್ಲಾಸ್ಟಿಕ್ ಚೀಲ, ಅದರೊಳಗೆ ದಾರದ ಉಂಡೆ, ಬೆರಳ ಸಂದಿಯಲ್ಲಿ ಉಕ್ಕಿನ ಸಣ್ಣ ಕಡ್ಡಿ. ನಾವು ಉಲ್ಲನ್ನಿಗೆ ಬಳಸುವ ದಪ್ಪ ಕಡ್ಡಿಯಲ್ಲ ಅದು. ತುದಿಯ ಕೊಕ್ಕೆ ಕಣ್ಣಿಗೆ ಕಂಡೂ ಕಾಣದಷ್ಟು ಸಣ್ಣದು. ಮಾತು ನಡೆಯುತ್ತಲೇ ಇರುತ್ತದೆ, ಯಾರೂ ಕೈಯನ್ನು ನೋಡುವುದಿಲ್ಲ. ಹೊಲಿಗೆ ಎಣಿಸುವಾಗ ಮಾತ್ರ ತುಟಿ ಒಂದು ಕ್ಷಣ ಅಲುಗಿ ಮತ್ತೆ ಮಾತಿಗೆ ಮರಳುತ್ತದೆ.

ಈ ಕೆಲಸ ಇಲ್ಲಿಗೆ ಬಂದದ್ದು 1844ರಲ್ಲಿ. ಸ್ಕಾಟ್ಲೆಂಡಿನಿಂದ ಬಂದ ಮ್ಯಾಕ್ರೇ ಎಂಬ ಮಿಷನರಿ ದಂಪತಿ, ಕ್ರೈಸ್ತರಾದ ಬಡ ಹೆಂಗಸರಿಗೆ ಮೊದಲು ಇದನ್ನು ಕಲಿಸಿದರು. ಆಗ ಗೋದಾವರಿ ಮುಖಜಭೂಮಿ ಇವತ್ತಿನ ಅನ್ನದ ಕಣಜವಾಗಿರಲಿಲ್ಲ. 1830ರ ದಶಕದ ಬರದ ನೆನಪು ಹಸಿಯಾಗಿತ್ತು. ಆರ್ಥರ್ ಕಾಟನ್ ಧವಳೇಶ್ವರದಲ್ಲಿ ಅಣೆಕಟ್ಟು ಕಟ್ಟಲು ಶುರು ಮಾಡಿದ್ದು 1847ರಲ್ಲಿ, ಮುಗಿಸಿದ್ದು 1852ರಲ್ಲಿ. ನೀರು ಬರುವ ಮೊದಲೇ ದಾರ ಬಂದಿತ್ತು. ಅದೇ ದಶಕದಲ್ಲಿ ಭೂಮಿಯ ಇನ್ನೊಂದು ಮಗ್ಗುಲಿನ ಐರ್ಲೆಂಡಿನಲ್ಲಿ ಆಲೂಗಡ್ಡೆ ಬೆಳೆ ಕೊಳೆತು ಕ್ಷಾಮ ಬಿದ್ದಾಗ ಕ್ರೈಸ್ತ ಸನ್ಯಾಸಿನಿಯರು ಹೆಣ್ಣುಮಕ್ಕಳ ಕೈಗೆ ಇದೇ ಕಡ್ಡಿ ಕೊಟ್ಟರು, ಅಲ್ಲಿನ ಲೇಸು ಯುರೋಪಿನ ಸಿರಿವಂತರ ಕೊರಳಪಟ್ಟಿ ಸೇರಿತು. ಎರಡು ಕಡೆಯೂ ಹಸಿದವರ ಕೈಗೆ ಕ್ರೋಶಾವನ್ನೇ ಕೊಟ್ಟದ್ದಕ್ಕೆ ಕಾರಣವಿದೆ. ಮಗ್ಗ ಬೇಡ, ಚೌಕಟ್ಟು ಬೇಡ, ಬೇರೆ ಜಾಗವೂ ಬೇಡ. ಒಂದು ಕೊಕ್ಕೆ, ಒಂದು ಉಂಡೆ ದಾರ ಇದ್ದರೆ ಸಾಕು. ಮಗು ಅತ್ತರೆ ಕೆಳಗಿಟ್ಟು ಎದ್ದು ಹೋಗಬಹುದು, ಬಂದಮೇಲೆ ಬಿಟ್ಟಲ್ಲಿಂದ ಮುಂದುವರಿಸಬಹುದು.

ಜಗಲಿಯಲ್ಲಿದ್ದ ಒಬ್ಬ ಅಕ್ಕ ನನ್ನನ್ನು ಕರೆದು ಪಕ್ಕದಲ್ಲಿ ಕೂರಿಸಿಕೊಂಡರು. ನನ್ನ ಚೀಲದಿಂದ ಇಣುಕುತ್ತಿದ್ದ ಕಡ್ಡಿಯ ಹಿಡಿಯನ್ನು ಅವರು ಆಗಲೇ ನೋಡಿಯಾಗಿತ್ತು. ಅವರು ಮಾಡುತ್ತಿದ್ದದ್ದು ಹಾಸಿಗೆ ಹೊದಿಕೆಗೆ ಬೇಕಾದ ಹೂಗಳು. ಅಂಗೈಯೊಳಗೆ ಅಡಗುವಷ್ಟೇ ಅಗಲ. ಎಂಟು ಚೈನು ಹಾಕಿ ಉಂಗುರ ಮಾಡಿ, ಅದರೊಳಗಿನಿಂದ ಡಬಲ್ ಹೊಲಿಗೆಗಳನ್ನು ಎಬ್ಬಿಸಿ, ಮುಂದಿನ ಸುತ್ತಿನಲ್ಲಿ ಕುಣಿಕೆ, ಅದರ ಮೇಲೆ ದಳ. ಅಲ್ಲಿಯವರೆಗೂ ನನಗೆ ಗೊತ್ತಿದ್ದದ್ದೇ. ಕಡೇ ಸುತ್ತಿಗೆ ಬಂದಾಗ ಅವರು ಮುಗಿದ ಹೂವೊಂದನ್ನು ಎಡಗೈಯ ಹೆಬ್ಬೆರಳ ಕೆಳಗೆ ಒತ್ತಿಟ್ಟುಕೊಂಡರು. ದಳದ ತುದಿಯಲ್ಲಿ ಮೂರು ಚೈನು ಬರಬೇಕಾದಲ್ಲಿ ಒಂದೇ ಚೈನು ಹಾಕಿ, ಕಡ್ಡಿಯನ್ನು ಪಕ್ಕದ ಹೂವಿನ ಕುಣಿಕೆಯೊಳಗೆ ತೂರಿಸಿ ದಾರ ಎಳೆದು, ಮತ್ತೊಂದು ಚೈನು ಹಾಕಿ ತಮ್ಮ ಹೂವಿಗೆ ಹಿಂತಿರುಗಿದರು. ಇಷ್ಟೇ. ಎರಡು ಹೂ ಒಂದಾದವು. ಸೂಜಿಯಿಲ್ಲ, ಗಂಟಿಲ್ಲ, ಜೋಡಿಸಿದ ಗುರುತು ಹಿಂದಿನಿಂದಲೂ ಕಾಣದು. ಈ ಜೋಡಣೆಯನ್ನು ಪುಸ್ತಕದ ಚಿತ್ರದಲ್ಲಿ ನೋಡಿದ್ದೆ. ಆದರೆ ಆ ಹೆಬ್ಬೆರಳು ಎಲ್ಲಿ ಒತ್ತಬೇಕು ಎನ್ನುವುದನ್ನು ಯಾವ ಚಿತ್ರವೂ ಹೇಳಿರಲಿಲ್ಲ.

ನನ್ನ ಕೈಗೂ ಒಂದು ಹೂ ಕೊಟ್ಟು ಮಾಡಿಸಿದರು. “ಬಿಗಿ ಮಾಡ್ತೀ, ಸಡಿಲ ಬಿಡು. ಒಗೆದಾಗ ದಾರ ಅದರ ಪಾಡಿಗೆ ಅದು ಕೂರ್ತದೆ,” ಅಂದರು. ಒಳಗಿನಿಂದ ಅವರ ಅತ್ತೆ ಬಂದು ನನ್ನ ಹೂವನ್ನು ಬೆಳಕಿಗೆ ಹಿಡಿದು ನೋಡಿ, ಪರವಾಗಿಲ್ಲ ಎನ್ನುವ ಹಾಗೆ ತಲೆಯಾಡಿಸಿದರು.

ಎಲ್ಲರೂ ಎಲ್ಲ ಕೆಲಸವನ್ನೂ ಮಾಡುವುದಿಲ್ಲ. ಹೂ ಮಾಡುವವರು ಬೇರೆ, ಅವನ್ನು ದೊಡ್ಡ ಹೊದಿಕೆಯಾಗಿ ಜೋಡಿಸುವ ‘ಅತುಕು ಪನಿ’ಯವರು ಬೇರೆ, ಒಗೆದು ಗಂಜಿ ಹಾಕಿ ಇಸ್ತ್ರಿ ಮಾಡುವವರು ಇನ್ನೊಬ್ಬರು. ದಾರ ತಂದುಕೊಟ್ಟು ಮುಗಿದ ಮಾಲು ಒಯ್ಯುವ ಏಜೆಂಟರು ನಡುವೆ ಓಡಾಡುತ್ತಾರೆ. ಅವರ ಆಚೆ ವ್ಯಾಪಾರಿ, ವ್ಯಾಪಾರಿಯ ಆಚೆ ಬ್ರಿಟನ್ನೋ ಅಮೆರಿಕವೋ ಫ್ರಾನ್ಸೋ. ನಾನು ಜೋಡಿಸಲು ಕಲಿತ ಆ ಹೂ ಯಾವ ದೇಶದ ಯಾರ ಹಾಸಿಗೆಗೆ ಹೋಗುತ್ತದೆ ಎಂದು ಅಕ್ಕನಿಗೆ ಗೊತ್ತಿಲ್ಲ. ಇಡೀ ಹೊದಿಕೆಯನ್ನು ಹರಡಿ ನೋಡಿದ್ದೀರಾ ಎಂದು ಕೇಳಿದೆ. ಸ್ವಲ್ಪ ಯೋಚಿಸಿ, “ಅತುಕು ಪನಿಯವರ ಮನೆಯಲ್ಲಿ ಒಂದು ಸಲ ನೋಡಿದ್ದೆ, ಮದುವೆ ಮನೆ ಥರ ಇತ್ತು,” ಅಂದರು.

ಮರಿಯಾ ಮೀಸ್ ಎಂಬ ಜರ್ಮನ್ ಸಮಾಜಶಾಸ್ತ್ರಜ್ಞೆ 1970ರ ದಶಕದ ಕೊನೆಯಲ್ಲಿ ಇದೇ ಸೀಮೆಯ ಓಣಿಗಳಲ್ಲಿ ಅಧ್ಯಯನ ನಡೆಸಿದ್ದರು. ಅದಕ್ಕೆ ಮೊದಲು ಪುಣೆಯಲ್ಲಿ ಜರ್ಮನ್ ಭಾಷೆ ಕಲಿಸಿದ್ದವರು. ನರಸಾಪುರದ ಲೇಸು ಹೆಣೆಯುವವರ ಮೇಲೆ ಅವರು ಬರೆದ ಪುಸ್ತಕ 1982ರಲ್ಲಿ ಬಂತು. ನನ್ನನ್ನು ಇಲ್ಲಿಗೆ ಕರೆತಂದದ್ದು ಅದೇ. 2023ರಲ್ಲಿ ಅವರು ತೀರಿಕೊಂಡರು. ಪುಸ್ತಕದ ತಿರುಳು ಹೀಗಿದೆ: ಈ ಹೆಂಗಸರು ಮನೆಗೆಲಸವನ್ನೆಲ್ಲ ಮಾಡಿ, ಮೇಲೆ ದಿನಕ್ಕೆ ಆರೆಂಟು ಗಂಟೆ ಲೇಸು ಹೆಣೆದು, ಪ್ರಪಂಚದ ಮಾರುಕಟ್ಟೆಗೆ ಮಾಲು ಒದಗಿಸುತ್ತಿದ್ದರು. ಆದರೂ ಮನೆಯವರು, ವ್ಯಾಪಾರಿಗಳು, ಸರ್ಕಾರ ಯಾರೂ ಅವರನ್ನು ಕೆಲಸಗಾರರೆಂದು ಎಣಿಸಲಿಲ್ಲ. ‘ಸುಮ್ಮನೆ ಕೂತಾಗ ಮಾಡ್ತಾರೆ’ ಎಂದರು. ಸುಮ್ಮನೆ ಕೂತಾಗ ಮಾಡಿದ್ದಕ್ಕೆ ಕೊಡುವ ಕೂಲಿ ಕನಿಷ್ಠ ಕೂಲಿಯ ಹತ್ತಿರಕ್ಕೂ ಬರಬೇಕಿಲ್ಲವಲ್ಲ. ಗದ್ದೆಯಲ್ಲಿ ನಾಟಿ ಮಾಡುವ ದಲಿತ ಹೆಂಗಸರು ಇವರಿಗಿಂತ ಹೆಚ್ಚು ಸಂಪಾದಿಸುತ್ತಿದ್ದರು. ಆದರೂ ಲೇಸು ಹೆಣೆಯುತ್ತಿದ್ದ ಕಾಪು ಜಾತಿಯ ಹೆಣ್ಣುಮಕ್ಕಳು ಗದ್ದೆಗೆ ಇಳಿಯಲಿಲ್ಲ. ಹೊರಗೆ ಹೋಗಿ ದುಡಿಯದೆ ನೆರಳಲ್ಲಿ ಕೂತು ಮಾಡುವ ಕೆಲಸ ಮರ್ಯಾದೆಯದು ಎಂಬ ನಂಬಿಕೆ ಅವರನ್ನು ಜಗಲಿಯಲ್ಲೇ ಕೂರಿಸಿತು, ಕೂಲಿಯನ್ನೂ ಅಲ್ಲೇ ಕೂರಿಸಿತು. ಇದನ್ನು ಓದಿದಾಗ ನನಗೆ ಆದ ಸಂಕಟ ಇವತ್ತಿಗೂ ಹಾಗೇ ಇದೆ. ಅಮ್ಮನ ಟೀಪಾಯಿ ಬಟ್ಟೆಯನ್ನು ನಾವೆಲ್ಲ ಪುರುಸೊತ್ತಿನ ಕೆಲಸ ಎಂದೇ ಕರೆದದ್ದು.

ಈಗ ಹೇಗಿದೆ ಎಂದು ಅಕ್ಕನನ್ನು ಕೇಳಿದೆ. ಲೆಕ್ಕವೆಲ್ಲ ದಾರದ ಮೇಲೆ, ಎಷ್ಟು ದಾರ ಖರ್ಚಾಯಿತೋ ಅಷ್ಟಕ್ಕೆ ಹಣ ಎಂದರು. “ದಿನವೆಲ್ಲ ಕೂತರೂ ಗದ್ದೆ ಕೂಲಿಯ ಅರ್ಧ ದಾಟಲ್ಲ ಅಮ್ಮಾ. ಹುಡುಗೀರು ಯಾಕೆ ಕಲೀತಾರೆ ಹೇಳು?” ಅವರ ಮಗಳು ಭೀಮವರಂನಲ್ಲಿ ಓದುತ್ತಾಳೆ. ಕಡ್ಡಿ ಹಿಡಿಯಲು ಬರುತ್ತದೆ, ಹಿಡಿಯುವುದಿಲ್ಲ. ಆ ಹುಡುಗಿಯ ಮೇಲೆ ನನಗೆ ಬೇಸರವಿಲ್ಲ. ಪರಂಪರೆ ಉಳಿಯಲಿ ಎಂದು ಒಬ್ಬಳ ಕಣ್ಣನ್ನೂ ಬೆನ್ನನ್ನೂ ಅರ್ಧ ಕೂಲಿಗೆ ಕೇಳುವ ಹಕ್ಕು ಯಾರಿಗೂ ಇಲ್ಲ.

ಈ ಕೂಲಿಯ ಮಾತು ಇನ್ನೂ ಚುಚ್ಚುವುದು ಒಂದು ಕಾರಣಕ್ಕೆ: ಕ್ರೋಶಾವನ್ನು ಇವತ್ತಿಗೂ ಕೈಯೇ ಮಾಡಬೇಕು. ಸ್ವೆಟರಿನ ಹೆಣಿಗೆ ಬಹಳ ಹಿಂದೆಯೇ ಯಂತ್ರಕ್ಕೆ ಒಲಿದಿದೆ. ಇಂಗ್ಲೆಂಡಿನ ವಿಲಿಯಂ ಲೀ ಕಾಲುಚೀಲ ಹೆಣೆಯುವ ಯಂತ್ರ ಮಾಡಿದ್ದು 1589ರಲ್ಲಿ. ಆ ಹೆಣಿಗೆಯಲ್ಲಿ ಒಂದು ಸಾಲಿನ ಕುಣಿಕೆಗಳೆಲ್ಲ ಕಡ್ಡಿಯ ಮೇಲೆ ಸಾಲಾಗಿ ಕಾಯುತ್ತಿರುತ್ತವೆ, ಹಾಗಾಗಿ ಸಾಲಾಗಿ ನಿಂತ ಸೂಜಿಗಳು ಅವನ್ನು ಒಟ್ಟಿಗೆ ಎತ್ತಬಲ್ಲವು. ಕ್ರೋಶಾದಲ್ಲಿ ಜೀವಂತವಾಗಿರುವುದು ಒಂದೇ ಕುಣಿಕೆ. ಒಂದು ಹೊಲಿಗೆ ಪೂರ್ತಿ ಮುಗಿದ ಮೇಲೆ ಇನ್ನೊಂದು. ಪ್ರತಿ ಸಲವೂ ಕೊಕ್ಕೆ ಹೊಸ ಜಾಗವನ್ನು ಹುಡುಕಿ ಒಳಹೋಗಿ, ಮಣಿಕಟ್ಟು ತಿರುಗಿ, ದಾರ ಹಿಡಿದು ಹೊರಬರಬೇಕು. ಅಂಗಡಿಗಳಲ್ಲಿ ಯಂತ್ರದ ಕ್ರೋಶಾ ಎಂದು ಸಿಗುವುದು ಅದರ ಹಾಗೆ ಕಾಣುವ ಬೇರೆ ಹೆಣಿಗೆ. ಮಾಲ್‌ನಲ್ಲಿ ಅಗ್ಗದ ಬೆಲೆಗೆ ಕ್ರೋಶಾ ಟಾಪು ನೇತಾಡುತ್ತಿದ್ದರೆ, ಒಂದೋ ಅದು ಅನುಕರಣೆ, ಇಲ್ಲವೇ ಯಾರೋ ಒಬ್ಬರ ಗಂಟೆಗಳಿಗೆ ಬೆಲೆ ಸಿಕ್ಕಿಲ್ಲ. ಯಂತ್ರದ ಅಗ್ಗದ ಲೇಸು ನರಸಾಪುರದವರ ಹೊಟ್ಟೆಯ ಮೇಲೂ ಹೊಡೆದಿದೆ. ದೂರದಿಂದ ನೋಡಿದರೆ ವ್ಯತ್ಯಾಸ ತಿಳಿಯದು. ಬೆರಳಲ್ಲಿ ಉಜ್ಜಿ ನೋಡಿದರೆ ತಿಳಿಯುತ್ತದೆ: ಕೈಯ ಲೇಸಿಗೆ ಉಬ್ಬು ಇದೆ, ಪ್ರತಿ ಹೊಲಿಗೆಯ ಕಂಬಕ್ಕೂ ಸುತ್ತಳತೆ ಇದೆ.

ಸಂಜೆಯ ಹೊತ್ತಿಗೆ ಜಗಲಿಯಲ್ಲಿ ಪಾಠ ತಿರುಗುಮುರುಗಾಯಿತು. ನೀನು ಏನೇನು ಮಾಡ್ತೀ ತೋರಿಸು ಅಂದರು. ಫೋನಿನ ಚಿತ್ರಗಳನ್ನು ತೋರಿಸಿದೆ. ಸೀರೆಯ ಕುಚ್ಚು ಅವರಿಗೆ ಬಹಳ ಹಿಡಿಸಿತು. ಸೆರಗಿನ ಅಂಚಿಗೆ ರೇಷ್ಮೆ ದಾರದಲ್ಲಿ ಕಮಾನು ಕಟ್ಟಿ, ಕಮಾನಿಗೊಂದು ಮಣಿ ಕೂರಿಸಿ, ಕೊನೆಗೆ ಗೊಂಡೆ ಇಳಿಬಿಡುವುದು. ಮಣಿ ಹೇಗೆ ಕೂರುತ್ತದೆ ಎಂದು ಕೇಳಿದರು. ಸಣ್ಣ ಕಡ್ಡಿಯನ್ನು ಮಣಿಯ ತೂತಿನಲ್ಲಿ ತೂರಿಸಿ, ಕುಣಿಕೆಯನ್ನೇ ಅದರೊಳಗಿಂದ ಎಳೆದುಬಿಡುವುದು ಎಂದು ಮಾಡಿ ತೋರಿಸಿದೆ. ತೂತು ತೀರ ಸಣ್ಣದಾದರೆ ಮೊದಲೇ ಮಣಿಗಳನ್ನೆಲ್ಲ ದಾರಕ್ಕೆ ಪೋಣಿಸಿಕೊಂಡು ಕೂರಬೇಕು. ಅತ್ತೆಗೆ ಆಗ ನೆನಪಾಯಿತು: ಹಿಂದೆ ದೊರೆಗಳ ಮನೆಗೆಂದು ಹೂಜಿಯ ಮೇಲೆ ಹೊದಿಸುವ ಮಣಿ ಅಂಚಿನ ಬಟ್ಟೆ ಮಾಡುತ್ತಿದ್ದರಂತೆ. ಮಣಿಯ ಭಾರಕ್ಕೆ ಬಟ್ಟೆ ಗಾಳಿಗೆ ಹಾರುವುದಿಲ್ಲ, ನೊಣ ಒಳಗೆ ಹೋಗುವುದಿಲ್ಲ. ಹಾಲು ಮೊಸರಿನ ಪಾತ್ರೆಗೆ ಇವತ್ತಿಗೂ ಅದಕ್ಕಿಂತ ಒಳ್ಳೆಯ ಮುಚ್ಚಳವಿಲ್ಲ ಎಂದು ನನ್ನ ಅಭಿಪ್ರಾಯ. ಹೆಣಿಗೆಯ ಸಂದಿಯಲ್ಲಿ ಬಿಸಿ ಹಾಲಿನ ಹಬೆ ಹೊರಗೆ ಹೋಗುತ್ತದೆ, ಬಟ್ಟೆ ಒಗೆದು ಮತ್ತೆ ಬಳಸಬಹುದು.

ಅಂಥ ವೃತ್ತಾಕಾರದ ಬಟ್ಟೆ ಹೊಸದಾಗಿ ಕಲಿಯುವವರ ಕೈಯಲ್ಲಿ ಒಂದೋ ಟೋಪಿಯಾಗುತ್ತದೆ, ಇಲ್ಲವೇ ಅಂಚು ಅಲೆಅಲೆಯಾಗುತ್ತದೆ. ಲೆಕ್ಕ ಸುಲಭ. ಸಿಂಗಲ್‌ನಲ್ಲಿ ಮಾಡಿದರೆ ಆರರಿಂದ ಶುರು, ಪ್ರತಿ ಸುತ್ತಿಗೂ ಆರು ಹೆಚ್ಚಿಸಬೇಕು: 6, 12, 18, 24. ಡಬಲ್ ಎತ್ತರವಾದ್ದರಿಂದ ಹನ್ನೆರಡರ ಲೆಕ್ಕ: 12, 24, 36. ಕಡಿಮೆ ಹೆಚ್ಚಿಸಿದರೆ ಬಟ್ಟಲಾಗುತ್ತದೆ, ಜಾಸ್ತಿಯಾದರೆ ನೆರಿಗೆ ಏಳುತ್ತದೆ. ಅಕ್ಕ ಈ ಲೆಕ್ಕವನ್ನು ಕೇಳಿ ನಕ್ಕರು. ಸುತ್ತಿಗೆ ಎಷ್ಟು ಹೆಚ್ಚಿಸಬೇಕೆಂದು ಅವರು ಯಾವತ್ತೂ ಎಣಿಸಿದ್ದಿಲ್ಲ. ಕೈಯಡಿ ಹರಡಿ ನೋಡಿ, ಎಳೆತ ಕಂಡಲ್ಲಿ ಒಂದು ಸೇರಿಸುತ್ತಾರೆ. ಅವರ ಡಾಯ್ಲಿಗಳು ನನ್ನವಕ್ಕಿಂತ ಚೆನ್ನಾಗಿ ನೆಲ ಹಿಡಿದು ಕೂರುತ್ತವೆ.

ತರಕಾರಿ ಚೀಲದ ಚಿತ್ರ ನೋಡಿ ಅವರು ಕೇಳಿದ್ದು ಹಿಡಿಯ ಬಗ್ಗೆ. ಜಾಲರಿಯಾಗಿ ಹೆಣೆದ ಚೀಲ ಎರಡು ಕಿಲೋ ಈರುಳ್ಳಿ ಬಿದ್ದ ಕೂಡಲೇ ಮೊಣಕಾಲಿನವರೆಗೆ ಇಳಿಯುತ್ತದಲ್ಲ ಎಂದು. ಇಳಿಯುತ್ತದೆ. ಹಾಗಾಗಿ ಹಿಡಿಯನ್ನು ಒತ್ತಾದ ಸಿಂಗಲ್‌ನಲ್ಲೇ ಹೆಣೆಯಬೇಕು, ಆಮೇಲೆ ಅದರ ಎರಡೂ ಅಂಚಿಗೆ ಬಿಗಿಯಾಗಿ ಒಂದು ಸಾಲು ಸ್ಲಿಪ್ ಸ್ಟಿಚ್ ಓಡಿಸಿದರೆ ಹಿಗ್ಗುವುದು ನಿಲ್ಲುತ್ತದೆ. ತಳವೂ ಒತ್ತಾಗಿಯೇ ಇರಲಿ, ಇಲ್ಲದಿದ್ದರೆ ಹಸಿಮೆಣಸಿನಕಾಯಿ ದಾರಿಯುದ್ದಕ್ಕೂ ಉದುರುತ್ತದೆ. ದಾರದ ಆಯ್ಕೆಯಲ್ಲಿ ನಾನು ಹಟಮಾರಿ: ಅಡುಗೆಮನೆಗೆ ಹತ್ತಿಯೇ ಆಗಬೇಕು. ನಮ್ಮ ಅಂಗಡಿಗಳಲ್ಲಿ ಉಲ್ಲನ್ ಎಂದು ಮಾರುವುದರಲ್ಲಿ ಬಹುಪಾಲು ಅಕ್ರಿಲಿಕ್. ಬಿಸಿ ತಾಗಿದರೆ ಕರಗುತ್ತದೆ, ಅದರಲ್ಲಿ ಮಾಡಿದ ಹಿಡಿಬಟ್ಟೆಯಿಂದ ಕುಕ್ಕರ್ ಇಳಿಸಬಾರದು. ಪಾತ್ರೆ ತಿಕ್ಕುವ ಉಜ್ಜುಬಟ್ಟೆಗೆ, ಮಗುವಿನ ಟೋಪಿಗೆ, ಉಳಿದ ತುಂಡು ದಾರಗಳ ಚೌಕಗಳನ್ನು ಜೋಡಿಸಿ ಮಾಡುವ ಹೊದಿಕೆಗೆ ಅಕ್ರಿಲಿಕ್ ಆದೀತು. ತಣ್ಣನೆಯ ಲೋಟದ ಕೆಳಗಿಡಲು ಮತ್ತೆ ಹತ್ತಿಯೇ. ನೀರು ಹೀರುವುದು ಅದೊಂದೇ.

ಗಂಜಿಯ ವಿಷಯದಲ್ಲಿ ಮಾತ್ರ ನಾವು ಮೂವರೂ ಒಂದೇ ಪಕ್ಷ. ಅನ್ನ ಬಸಿದ ತಿಳಿಯನ್ನು ಸೋಸಿ, ನೀರು ಬೆರೆಸಿ, ಒಗೆದ ಲೇಸನ್ನು ಅದರಲ್ಲದ್ದಿ ಹಿಂಡದೆ ಎತ್ತಬೇಕು. ದಪ್ಪ ಬಟ್ಟೆಯ ಮೇಲೆ ಹರಡಿ, ಒಂದೊಂದು ದಳವನ್ನೂ ಬೆರಳಲ್ಲಿ ಬಿಡಿಸಿ, ತುಕ್ಕು ಹಿಡಿಯದ ಗುಂಡುಸೂಜಿ ಚುಚ್ಚಿ ನೆರಳಲ್ಲಿ ಒಣಗಿಸಬೇಕು. ಸಕ್ಕರೆ ಪಾಕ ಹಾಕಿದರೆ ಗಟ್ಟಿ ನಿಲ್ಲುತ್ತದೆ ಎನ್ನುವವರಿದ್ದಾರೆ. ಇರುವೆಗಳಿಗೂ ಅದು ಗೊತ್ತಿದೆ.

ನರಸಾಪುರದ ಕ್ರೋಶಾ ಲೇಸಿಗೆ 2024ರಲ್ಲಿ ಭೌಗೋಳಿಕ ಗುರುತು, ಅಂದರೆ ಜಿಐ ಸಿಕ್ಕಿದೆ. ನಮ್ಮ ಕಸೂತಿಗೂ, ಸಂಡೂರಿನ ಲಂಬಾಣಿ ಕಸೂತಿಗೂ, ನವಲಗುಂದದ ಜಮಖಾನೆಗೂ ಅದು ಮೊದಲೇ ಇದೆ. ಇನ್ನು ಮುಂದೆ ಬೇರೆಲ್ಲೋ ಮಾಡಿದ್ದನ್ನು ನರಸಾಪುರದ ಲೇಸು ಎಂದು ಮಾರುವಂತಿಲ್ಲ. ಒಳ್ಳೆಯದೇ ಆಯಿತು. ಆದರೆ ಜಿಐ ಕಾಯುವುದು ಹೆಸರನ್ನು. ಜಗಲಿಯ ಮೇಲೆ ಕೂತವರಿಗೆ ಹೂವಿಗೆಷ್ಟು ಎಂಬುದು ಅದರಲ್ಲಿ ಬರೆದಿರುವುದಿಲ್ಲ. ಜಿಐ ಬಂದದ್ದು ಗೊತ್ತೇ ಎಂದು ಅಕ್ಕನನ್ನು ಕೇಳಿದ್ದಕ್ಕೆ, ಪೇಪರಿನಲ್ಲಿ ಬಂದಿತ್ತಂತೆ ಎಂದರು. ರೇಟು ಏರಿತೇ ಎಂದು ನಾನು ಕೇಳುವ ಮೊದಲೇ ತಲೆಯಲ್ಲಾಡಿಸಿದರು.

ಮರುದಿನ ಹೊಳೆಯ ಕಡೆ ಹೋದೆ. ಮಾಧವಾಯಿಪಾಲೆಂ ರೇವಿನಲ್ಲಿ ಹೊಳೆ ದಾಟಿಸುವ ಪಂಟಿನ ಮೇಲೆ ಬೈಕು, ಆಟೋ, ತೆಂಗಿನಕಾಯಿ ಮೂಟೆ, ಶಾಲೆಯ ಮಕ್ಕಳು ಎಲ್ಲ ಒಟ್ಟಿಗೆ ಆಚೆ ದಡಕ್ಕೆ ಹೋಗುತ್ತಿದ್ದರು. ಹದಿನೇಳನೇ ಶತಮಾನದಲ್ಲಿ ಇಂಗ್ಲಿಷ್ ಕಂಪನಿ ಕೋಠಿ ಹಾಕಿ ಬಟ್ಟೆ ಕೊಂಡದ್ದು ಈ ಜಾಗದಲ್ಲೇ. ಮದಪೊಲ್ಲಂ ಎಂಬ ಮೆದು ಹತ್ತಿಬಟ್ಟೆ ಈ ಊರಿನ ಹೆಸರನ್ನೇ ಹೊತ್ತು ಯುರೋಪಿನ ಅಂಗಡಿಗಳಿಗೆ ಹೋಯಿತು. ಬಟ್ಟೆ ನೇಯ್ದವರ ಹೆಸರು ಒಂದೂ ಉಳಿದಿಲ್ಲ. ರೇವಿನ ಕಟ್ಟೆಯ ಮೇಲೆ ಕೂತು ನನಗೆ ಲೇಸಿನ ಯೋಚನೆಯೇ.

ಬೆಂಗಳೂರಿನಲ್ಲಿ ಕುಚ್ಚಿನ ಕತೆ ಇದಕ್ಕಿಂತ ಬಹಳ ಭಿನ್ನವಲ್ಲ. ಸೀರೆ ಅಂಗಡಿಯವರು, ಬ್ಲೌಸ್ ಹೊಲಿಯುವ ಟೈಲರುಗಳು ಗಿರಾಕಿಯಿಂದ ಒಂದು ರೇಟು ತೆಗೆದುಕೊಂಡು, ಮನೆಯಲ್ಲಿ ಕೂತು ಕುಚ್ಚು ಹಾಕುವವರಿಗೆ ಇನ್ನೊಂದು ರೇಟು ಕೊಡುತ್ತಾರೆ. ಮದುವೆ ಸೀಸನ್ನಿನಲ್ಲಿ ರಾತ್ರಿ ಹನ್ನೊಂದರವರೆಗೆ ಟ್ಯೂಬ್‌ಲೈಟಿನ ಕೆಳಗೆ ಕುಚ್ಚು ಕಟ್ಟುವ ಗೆಳತಿಯರು ನನಗಿದ್ದಾರೆ. ಅವರ ಮನೆಯಲ್ಲೂ ಅದನ್ನು ‘ಟೈಮ್‌ಪಾಸ್’ ಎನ್ನುತ್ತಾರೆ. ನಾವೂ ಹಾಗೇ ಅನ್ನುತ್ತಿದ್ದೆವು.

ಹೊರಡುವ ಮುನ್ನ ಅಕ್ಕನ ಕೈಯಿಂದಲೇ ಒಂದು ಟೇಬಲ್ ರನ್ನರ್ ಕೊಂಡೆ. ಅವರ ಮನೆಯ ಹೂಗಳು, ಅವರೇ ಜೋಡಿಸಿದ್ದು, ಏಜೆಂಟರಿಗೆ ಕೊಟ್ಟು ಉಳಿದ ದಾರದಲ್ಲಿ ಮಾಡಿದ್ದು. ಬೆಲೆ ನೀನೇ ಹೇಳು ಅಂದರು. ಎಷ್ಟು ಹೊತ್ತು ಹಿಡಿಯಿತು ಎಂದು ಕೇಳಿದೆ. ಅತ್ತೆ, ಸೊಸೆ ಇಬ್ಬರೂ ಸೇರಿ ಲೆಕ್ಕ ಹಾಕಲು ಕೂತರು. ಹೂವಿಗೆ ಇಷ್ಟು, ಜೋಡಣೆಗೆ ಇಷ್ಟು, ಮೊಮ್ಮಗನಿಗೆ ಜ್ವರ ಬಂದು ಬಿಟ್ಟಿದ್ದ ದಿನ ಬೇಡ, ಅಂಚಿಗೆ ಒಂದು ಮಧ್ಯಾಹ್ನ. ಗಂಟೆಗಳು ಬೆಳೆಯುತ್ತಾ ಹೋದ ಹಾಗೆ ಅಕ್ಕನ ದನಿ ತಗ್ಗಿತು. “ಅಷ್ಟೊಂದಾ?” ಎಂದು ಅವರೇ ಕೇಳಿದರು. ಗದ್ದೆ ಕೂಲಿಯ ಲೆಕ್ಕದಲ್ಲಿ ಆ ಗಂಟೆಗಳಿಗೆ ಆಗುವಷ್ಟನ್ನು ಕೊಟ್ಟೆ. ಅವರು ಬೇಡ, ಜಾಸ್ತಿ ಆಯಿತು ಎಂದರು. ಅತ್ತೆ ಮಾತ್ರ ನೋಟುಗಳನ್ನು ತೆಗೆದುಕೊಂಡು ಎಣಿಸಿ, ಸೊಸೆಯ ಕೈಗೇ ಇಟ್ಟರು.

ಬೆಂಗಳೂರಿಗೆ ಬಂದಮೇಲೆ ಸೀರೆ ಕೊಡುವಾಗ ಜೊತೆಗೊಂದು ಚೀಟಿ ಇಡಲು ಶುರು ಮಾಡಿದ್ದೇನೆ: ದಾರಕ್ಕೆ ಎಷ್ಟು, ಮಣಿಗೆ ಎಷ್ಟು, ಕೆಲಸಕ್ಕೆ ಎಷ್ಟು ಗಂಟೆ, ಗಂಟೆಗೆ ಎಷ್ಟು. ಕೆಲವು ಗಿರಾಕಿಗಳು ಬಿಟ್ಟು ಹೋದರು. ಒಬ್ಬರು, ವಯಸ್ಸಾದವರು, ಚೀಟಿಯನ್ನು ಎರಡು ಸಲ ಓದಿ, “ಇಷ್ಟು ಗಂಟೆ ಕೂರ್ತೀರಾ?” ಎಂದು ಕೇಳಿದರು. ಹೌದು ಎಂದೆ. ಹಣ ಕೊಟ್ಟು ಹೋದರು. ಮುಂದಿನ ವಾರ ಮಗಳ ಮದುವೆಯ ಸೀರೆಗಳನ್ನೂ ತಂದರು. ನಮ್ಮ ಬೀದಿಯಲ್ಲಿ ಕುಚ್ಚು ಹಾಕುವ ಇನ್ನಿಬ್ಬರು ಈಗ ಚೀಟಿ ಬರೆಯುತ್ತಿದ್ದಾರೆ. ಗಂಟೆಗೆ ಎಷ್ಟು ಎಂಬ ಜಾಗದಲ್ಲಿ ಮೂವರೂ ಒಂದೇ ಅಂಕಿ ಬರೆಯುವುದೆಂದು ಮಾತಾಡಿಕೊಂಡಿದ್ದೇವೆ.